ಒಂದು ಹೆಸರು ತಡವಾಗಿ ಬಂದ ಹೂಂ

ಚಿನ್ನೂ, ಪಾಪಣ್ಣಾ, ಹೋದ ರಜೆಯಲ್ಲಿ ನೀವು ಬಂದಿದ್ದಾಗ ನಿಮ್ಮ ಅಮ್ಮನ ಕಂಪ್ಯೂಟರಿನಲ್ಲಿ ವೈರಸ್ ಹುಡುಕುವ ಪರದೆ ತೆರೆದುಕೊಂಡು ಏನೋ ಕೇಳಿತು. ಪಾಪಣ್ಣ ಅದನ್ನು ಓದದೆಯೇ ಒತ್ತಿಬಿಟ್ಟ. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನಾನು ಓದಿ ಒತ್ತೋ ಎಂದು ಗದರಿದೆ. ನೀವಿಬ್ಬರೂ ನಕ್ಕಿರಿ. ಅಜ್ಜಿಗೆ ಇದೆಲ್ಲ ಏನು ಗೊತ್ತು ಎಂದಳು ಚಿನ್ನು. ಎದುರು ಕೂತು ಹೇಳಲು ನನಗೆ ಎಂದೂ ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಮಾತು ಕನ್ನಡವಾದರೂ ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ಶಾಲೆ ಎಂದರೆ ತಮಿಳು. ನಾನು ಎಂಟನೆಯ ತರಗತಿಯವರೆಗೆ ಓದಿದ್ದೂ ತಮಿಳಿನಲ್ಲೇ. ನಿಮ್ಮ ಅಮ್ಮನನ್ನು ಕೊಳ್ಳೇಗಾಲಕ್ಕೆ ಕೊಟ್ಟ ಮೇಲೆ, ಚಿನ್ನುವಿನ ಒಂದನೆಯ ತರಗತಿಯ ಪುಸ್ತಕ ಇಟ್ಟುಕೊಂಡು ಈ ಅಕ್ಷರಗಳನ್ನು ಕಲಿತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ತಾತನಿಗೆ ಕಂಬಂನಲ್ಲಿ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಅಂಗಡಿ ಇತ್ತು. ಮೊದಲು ಎರಡು ಟೈಪ್‌ರೈಟರ್ ಇದ್ದವು. ಆಮೇಲೆ ಮಧುರೆಯಿಂದ ಒಂದು ಹಳೆಯ ಕಂಪ್ಯೂಟರ್ ತಂದರು, ಜೊತೆಗೆ ಗರಗಸ ಎಳೆದ ಹಾಗೆ ಕಿರಿಚುವ ಒಂದು ಪ್ರಿಂಟರ್. ಅರ್ಜಿ, ಮದುವೆ ಕರೆಯೋಲೆ, ಏಲಕ್ಕಿ ವ್ಯಾಪಾರಿಗಳ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ಹೊಡೆದುಕೊಡುತ್ತಿದ್ದರು. ಮಧ್ಯಾಹ್ನ ಊಟ ತೆಗೆದುಕೊಂಡು ಹೋದಾಗ ನನ್ನನ್ನೂ ಕೂರಿಸಿ ತಮಿಳು ಟೈಪಿಂಗ್ ಕಲಿಸಿದರು. ನನಗೆ ಇಂಗ್ಲಿಷ್ ಬಾರದು, ಬೇಕಾದ ಗುಂಡಿಗಳ ಜಾಗ ಮಾತ್ರ ಗೊತ್ತಿತ್ತು.

ಅಂಗಡಿಯ ಕೆಲಸಕ್ಕಿಂತ ಅವರ ಮನಸ್ಸು ಇದ್ದದ್ದು ಬೇರೆ ಒಂದರಲ್ಲಿ. ನಮ್ಮವರಲ್ಲಿ ಹಲವು ಕುಲಗಳಿವೆ. ಒಂದೇ ಕುಲದವರು ಅಣ್ಣತಂಗಿಯರ ಲೆಕ್ಕ, ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಹಿಂದೆ ಇದನ್ನು ಮುದುಕರು ಬಾಯಲ್ಲೇ ಹೇಳುತ್ತಿದ್ದರು. ಜನ ಕಂಬಂ, ಕೊಂಬೈ, ಪೆರಿಯಕುಳಂ, ದಿಂಡಿಗಲ್ ಕಡೆಗೆಲ್ಲ ಚದುರಿದ ಮೇಲೆ ಎಷ್ಟೋ ಮನೆಯ ಹುಡುಗರಿಗೆ ತಮ್ಮ ಕುಲವೇ ಮರೆತುಹೋಗಿತ್ತು. ಎರಡು ಮದುವೆಗಳು ಮುಹೂರ್ತಕ್ಕೆ ವಾರ ಇರುವಾಗ ನಿಂತೂ ಹೋದವು. ಅದಕ್ಕೆ ತಾತ ಮೂರು ವರ್ಷ ಭಾನುವಾರಗಳನ್ನೆಲ್ಲ ಮೊಪೆಡ್ ಮೇಲೆ ಕಳೆದರು. ಮನೆಮನೆಗೂ ಹೋಗಿ ಯಾವ ಕುಲ, ಯಾರ ಮಗ, ಸೊಸೆ ಯಾವ ಊರಿನವಳು, ಅವಳದು ಯಾವ ಕುಲ ಎಂದು ಕೇಳಿ ಬರೆದುಕೊಂಡು ಬರುತ್ತಿದ್ದರು. ಸೋಮವಾರ ಅದನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಬರೆದ ಚೀಟಿ ಒಲೆಗೆ. ಮನೆಯಲ್ಲಿ ಕಸ ಸೇರಬಾರದು ಎನ್ನುವವರು ಅವರು. ಆ ಕುಲಪಟ್ಟಿಯನ್ನು ಪೊಂಗಲ್ ಬರುವ ತೈ ತಿಂಗಳಲ್ಲಿ, ಕುಲದೇವರ ಮುಂದೆ ಎಲ್ಲರೂ ಸೇರುವ ಕೂಟದಲ್ಲಿ, ಪುಸ್ತಕ ಮಾಡಿ ಹಂಚುವುದೆಂದು ಹಿರಿಯರು ತೀರ್ಮಾನ ಮಾಡಿದ್ದರು.

ಕೂಟಕ್ಕೆ ಇನ್ನೂ ಆರು ತಿಂಗಳಿರುವಾಗ, ಆಡಿ ತಿಂಗಳಲ್ಲಿ, ತಾತ ಹೋಗಿಬಿಟ್ಟರು. ಮೊಪೆಡ್ ನಿಲ್ಲಿಸಿ ಜಗಲಿಯ ಮೇಲೆ ಕೂತವರು ಏಳಲಿಲ್ಲ. ಇಸವಿ ಎರಡು ಸಾವಿರಕ್ಕೆ ಆಗ ಇನ್ನೂ ಎರಡು ವರ್ಷ ಇತ್ತು. ನಿಮ್ಮ ಅಮ್ಮ ತೇನಿಯ ಹಾಸ್ಟೆಲಿನಲ್ಲಿ ಪ್ಲಸ್ ಟು ಓದುತ್ತಿದ್ದಳು.

ಮೂರು ತಿಂಗಳಾದ ಮೇಲೆ ಅಂಗಡಿಯ ಬಾಗಿಲು ನಾನೇ ತೆಗೆದೆ. ತಾತನ ದೊಡ್ಡಪ್ಪ, ನಾನು ದೊಡ್ಡ ಮಾವ ಎಂದು ಕರೆಯುತ್ತಿದ್ದವರು, ಮೊದಲ ದಿನವೇ ಬಂದು ಕೂತರು. ಹೆಂಗಸು ಅಂಗಡಿಯಲ್ಲಿ ಕೂರುವುದು ಅವರಿಗೆ ಇಷ್ಟವಿರಲಿಲ್ಲ. ಆದರೆ ಅವರು ಬೇಡ ಎನ್ನಲೂ ಇಲ್ಲ.

"ಪಟ್ಟಿ ಆ ಪೆಟ್ಟಿ ಒಳಗೆ ಭದ್ರವಾ ಅವ್ವಾ?" ಎಂದು ಕೇಳಿದರು.

ಅದೆ ಮಾವ, ತೈಗೆ ಹೊಡೆದು ಕೊಡ್ತೀನಿ ಎಂದೆ. ಹಿರಿಯರಿಗೆ ನಾನಾಗಿ ಕೊಟ್ಟ ಮೊದಲನೆಯ ಮಾತು ಅದು. ಕೊಂಬೈಯ ನಲವತ್ತು ಹಾಳೆ ಮಾತ್ರ ಆಗಲೇ ಪ್ರಿಂಟ್ ಆಗಿ ಅವರ ಮನೆಯಲ್ಲಿತ್ತು. ಮಿಕ್ಕದ್ದೆಲ್ಲ ಆ ಪೆಟ್ಟಿಯಲ್ಲಿತ್ತು. ತಾತ ಇಟ್ಟಿದ್ದ ಎರಡು ಫ್ಲಾಪಿಗಳನ್ನು ಹಾಕಿ ನೋಡಿದ್ದೆ. ಬೂಷ್ಟು ಹಿಡಿದು ಎರಡೂ ಓದದಾಗಿದ್ದವು.

ಬರುವ ಗಿರಾಕಿಗಳು ತಮ್ಮ ತಮ್ಮ ಫ್ಲಾಪಿ ತರುತ್ತಿದ್ದರು, ಅದರ ಜೊತೆ ವೈರಸ್ಸೂ ಬರುತ್ತಿತ್ತು. ತಾತ ಹಾಕಿಟ್ಟಿದ್ದ ವೈರಸ್ ಹಿಡಿಯುವ ಪ್ರೋಗ್ರಾಮ್ ಒಂದಿತ್ತು. ಅದು ಏನಾದರೂ ಕಂಡರೆ ಕೂಗಿ, ಕೆಂಪು ಚೌಕ ತೋರಿಸಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿತ್ತು. ಗಿರಾಕಿಗಳೆಲ್ಲ ಬಗ್ಗಿ ನೋಡುತ್ತಿದ್ದರು. ಏನಮ್ಮಾ ಕೇಳ್ತಾ ಇದೆ, ಉತ್ತರ ಕೊಡಿ ಎಂದು ಒಬ್ಬ ಮೇಷ್ಟ್ರು ನಗುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಾನು ಬೆವರುತ್ತ ಯಾವುದೋ ಒಂದನ್ನು ಒತ್ತುತ್ತಿದ್ದೆ. ಕೆಲವು ಸಲ ಯಂತ್ರ ಅಲ್ಲಿಗೇ ನಿಂತುಹೋಗುತ್ತಿತ್ತು.

ಫೋಟೋ ಸ್ಟುಡಿಯೋದವರು ದಿಂಡಿಗಲ್‌ನ ಒಬ್ಬ ರಿಪೇರಿಯವರಿಗೆ ಹೇಳಿಕಳುಹಿಸಿದರು. ನಲವತ್ತು ದಾಟಿದ ಮನುಷ್ಯ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದು ಆಮೇಲೆ ಕಂಪ್ಯೂಟರಿಗೆ ಬಂದವರು. ವಾರಕ್ಕೊಮ್ಮೆ ನಮ್ಮ ಕಣಿವೆಗೆ ಬಂದು ಏಳೆಂಟು ಅಂಗಡಿಗಳ ಕೆಲಸ ಮುಗಿಸಿ ಹೋಗುತ್ತಿದ್ದರು. ತಾತನನ್ನು ಅವರು ಕಂಡವರಲ್ಲ. ತಮಿಳಿನವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು.

ಅವರು ಹಳೆಯದನ್ನು ತೆಗೆದು ಹೊಸ ಪ್ರೋಗ್ರಾಮ್ ಹಾಕಿ, ಅದರ ಸೆಟ್ಟಿಂಗ್ ಪರದೆ ತೆರೆದು, ನೋಡಿ ಕಲಿತುಕೊಳ್ಳಿ ಎಂದರು. ನಾನು ಬಾಗಿಲ ಪಕ್ಕ ನಿಂತೇ ನೋಡಿದೆ. ಕೇರಳಕ್ಕೆ ಹೋಗುವ ಕುಮಿಳಿ ರಸ್ತೆಯ ಚೆಕ್‌ಪೋಸ್ಟಿಗೆ ಹೋಲಿಸಿ ಅವರು ವಿವರಿಸಿದರು. ಬರುವ ಎಲ್ಲ ಮೂಟೆಗಳನ್ನೂ ಬಿಚ್ಚಿ ನೋಡಬೇಕೇ, ಅನುಮಾನದ ಮೂಟೆ ಮಾತ್ರವೇ? ಎಲ್ಲ ಫೈಲನ್ನೂ ನೋಡಿದರೆ ಹೊತ್ತು ಹಿಡಿಯುತ್ತದೆ, ಪ್ರೋಗ್ರಾಮ್ ಫೈಲುಗಳನ್ನು ಮಾತ್ರ ನೋಡಿದರೆ ಬೇಗ ಮುಗಿಯುತ್ತದೆ. ಹುಳ ಹಿಡಿದ ಮೂಟೆ ಸಿಕ್ಕರೆ ಮಾಲೀಕನನ್ನು ಕೇಳಬೇಕೇ, ಹುಳ ಆರಿಸಿ ಕೊಡಬೇಕೇ, ಮೂಟೆಯನ್ನೇ ಎಸೆಯಬೇಕೇ? ಯಾವ ಗಾಡಿಯನ್ನು ನೋಡದೆ ಬಿಡಬೇಕು? ಯಾವ ದಿನ, ಯಾವ ಹೊತ್ತಿಗೆ ನೋಡಬೇಕು? ಒಂದೊಂದಕ್ಕೂ ಒಂದೊಂದು ಚೌಕ, ಅದರಲ್ಲಿ ಗುರುತು ಹಾಕಬೇಕು. ನಾನು ತಮಿಳು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡೆ.

ಇದು ಕೇಳದ ಹಾಗೆ ಮಾಡಿ ಎಂದೆ. ಅವರು ತಿರುಗಿ ನನ್ನನ್ನು ನೋಡಿದರು.

"ಕೇಳದೆ ಇದ್ದರೆ, ವಾಸಿ ಮಾಡಕ್ಕೆ ಬರದ್ದನ್ನ ಅಳಿಸಿಬಿಡುತ್ತೆ ಅಕ್ಕಾ. ಪರವಾಗಿಲ್ವಾ?"

ಗಿರಾಕಿಗಳ ಮುಂದೆ ಕೂಗದಿದ್ದರೆ ಸಾಕು ಎಂದೆ. ಅವರು ಕೇಳುವ ಗುರುತು ತೆಗೆದು ಅಳಿಸುವ ಗುರುತು ಹಾಕಿದರು. ಹೊತ್ತು ಉಳಿಯಲೆಂದು ಪ್ರೋಗ್ರಾಮ್ ಫೈಲುಗಳನ್ನು ಮಾತ್ರ ನೋಡುವ ಹಾಗೆ ಮಾಡಿದರು. ಅಳಿಸುವ ಗುರುತು ಬಿದ್ದದ್ದು ನನ್ನ ನಾಚಿಕೆಗಾಗಿ, ಅವರಾಗಿ ಮಾಡಿದ್ದಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ತೈಗೆ ಹಿಂದಿನ ಮಾರ್ಗಳಿ ತಿಂಗಳ ನಡುವೆ ಯಂತ್ರ ಏಳಲೇ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಗೆರೆ ಮಿಣುಕುತ್ತಿತ್ತು. ರಿಪೇರಿಯವರಿಗೆ ಫೋನ್ ಮಾಡಿದರೆ, ಈ ವಾರ ಬರಲಾರೆ, ಪೆಟ್ಟಿಯನ್ನು ಇಲ್ಲಿಗೇ ತನ್ನಿ ಎಂದರು. ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ದಿಂಡಿಗಲ್ ಬಸ್ ಹತ್ತಿದೆ. ಉತ್ತಮಪಾಳ್ಯದಲ್ಲಿ ಕಂಡಕ್ಟರ್, ಇದಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿಯಾ ಎಂದು ಕೇಳಿದ. ಹಿಂದೆ ಕೂತಿದ್ದ ಒಬ್ಬ ಮುದುಕಿ, ಮೊಲೆ ಬಿಟ್ಟಿರೋ ಮಗುವಾದ್ರೆ ಅರ್ಧ ಹಾಕಪ್ಪ ಎಂದಳು. ಬಸ್ಸೆಲ್ಲ ನಕ್ಕಿತು, ನನಗೂ ನಗು ಬಂತು. ಪೆರಿಯಕುಳಂ ದಾಟುವವರೆಗೂ ಯಂತ್ರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೇ ಇದ್ದೆ. ತಾತ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಪೆಟ್ಟಿಯನ್ನು ಅವರ ಕೈಗೆ ಕೊಡುವಾಗ, ಇದರಲ್ಲಿ ನಮ್ಮವರ ಕುಲಪಟ್ಟಿ ಇದೆ, ಅದೊಂದು ಹೋಗಬಾರದು ಎಂದು ಎರಡು ಸಲ ಹೇಳಿ ಬಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಅವರ ಫೋನ್ ಬಂತು. ಅಂದು ಗಿರಾಕಿಗಳು ಇರಲಿಲ್ಲ, ಆದರೆ ದೊಡ್ಡ ಮಾವ ಇದ್ದರು. ಪೇಪರ್ ಓದಲು ಬರುವ ನೆಪದಲ್ಲಿ ಪಟ್ಟಿಯನ್ನು ವಿಚಾರಿಸಿಕೊಂಡು ಹೋಗುವುದು ಅವರ ರೂಢಿ. ಫೋನಿನ ಎದುರಿನ ಕುರ್ಚಿಯಲ್ಲೇ ಕೂತಿದ್ದರು.

ಯಂತ್ರ ಎದ್ದಿದೆ, ಆದರೆ ಒಳಗೆಲ್ಲ ರೋಗ ಎಂದರು ರಿಪೇರಿಯವರು. ಬರಹದ ಫೈಲಿನ ಒಳಗೇ ಹೊಕ್ಕು ಕೂರುವ ಹೊಸ ಜಾತಿಯ ವೈರಸ್. ಪ್ರೋಗ್ರಾಮ್ ಫೈಲು ಮಾತ್ರ ನೋಡುವ ಹಾಗಿಟ್ಟಿದ್ದರಿಂದ ಇಷ್ಟು ದಿನ ಸಿಕ್ಕಿಲ್ಲ. ಈಗ ಎಲ್ಲ ಫೈಲನ್ನೂ ನೋಡುವ ಹಾಗೆ ಬದಲಾಯಿಸಿದ್ದೇನೆ. ನನ್ನಲ್ಲಿರುವ ಡಿಸ್ಕಿಗೆ ಈ ವೈರಸ್ ಗುರುತಿಸಲು ಬರುತ್ತದೆ, ವಾಸಿ ಮಾಡಲು ಬರುವುದಿಲ್ಲ, ಹಿಡಿದದ್ದನ್ನೆಲ್ಲ ಅಳಿಸುತ್ತದೆ. ಮದ್ದಿರುವ ಹೊಸ ಡಿಸ್ಕ್ ಬರಲು ಎರಡು ವಾರ ಬೇಕು. ಗಿರಾಕಿಗಳ ಹಳೆಯ ಕಾಗದ ಹೋದರೆ ಹೋಗಲಿ. ಪಟ್ಟಿ ಇರುವ ಫೋಲ್ಡರನ್ನು ಮಾತ್ರ ಸ್ಕ್ಯಾನಿಗೆ ಸೇರಿಸದೆ ಬಿಡುತ್ತೇನೆ, ಅದರ ಹೆಸರು ಹೇಳಿ ಎಂದರು.

ತಾತ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಫೋಲ್ಡರ್ ಮಾಡಿ ಅವರವರ ಹೆಸರನ್ನೇ ಇಟ್ಟಿದ್ದರು. ಪಟ್ಟಿ ಇದ್ದ ಫೋಲ್ಡರಿಗೆ ತಮ್ಮ ಹೆಸರಿಟ್ಟಿದ್ದರು.

ಮಕ್ಕಳೇ, ನಿಮಗೆ ಇದು ನಗು ತರಬಹುದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಅವನೇ ಹೋದ ಮೇಲೆ ಈ ಕಟ್ಟು ಸಡಿಲವಾಗಬೇಕಿತ್ತು, ಆದರೆ ಇನ್ನೂ ಬಿಗಿಯಾಯಿತು. ತಾತ ಇದ್ದಾಗ ರೇಷನ್ ಅಂಗಡಿಯಲ್ಲಿ ನನ್ನ ಗಂಡನ ಹೆಸರನ್ನು ಪಕ್ಕದ ಮನೆಯವಳು, ಅವಳ ಗಂಡನ ಹೆಸರನ್ನು ನಾನು ಹೇಳಿ ಕೆಲಸ ಸಾಗಿಸುತ್ತಿದ್ದೆವು. ನನ್ನ ಅತ್ತೆಯದು ಇನ್ನೂ ಒಂದು ಕಟ್ಟು. ಮದುವೆಯಾದ ಹೊಸದರಲ್ಲಿ ಯಾರೋ ತಾತನ ಹೆಸರು ಹಿಡಿದು, ಅವರ ಮನೆ ಇದೇನಾ ಎಂದಾಗ ನಾನು ಹೂಂ ಎಂದಿದ್ದೆ. ಅತ್ತೆ ಒಳಗೆ ಕರೆದು ಬೈದರು.

"ಅವನ ಪೇರು ಬೇರೆಯೋರ ಬಾಯಿಂದ ಬಂದ್ರೆ ತಲೆ ತಗ್ಸು. ಹೂಂ ಅಂದ್ರೂ ನೀನೇ ಹೇಳ್ದಂಗೆ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ದೊಡ್ಡ ಮಾವ ಪೇಪರ್ ಇಳಿಸಿ ನನ್ನನ್ನು ನೋಡಿದರು. ನಮ್ಮ ಹೆಂಗಸರು ಇಂಥ ಹೊತ್ತಿನಲ್ಲಿ ಸುತ್ತಿಬಳಸಿ ಹೇಳುವ ಹಾಗೆಯೇ ನಾನೂ ಹೇಳಿದೆ, ಪಳನಿ ಬೆಟ್ಟದಲ್ಲಿ ಇರುವವನ ಹೆಸರು ಎಂದು.

ಆ ಕಡೆ ಅವರು ನಕ್ಕರು. "ಅಕ್ಕಾ, ಇದರೊಳಗೆ ಆ ದೇವರ ಹೆಸರಿನವರೇ ಐದು ಜನ ಇದ್ದಾರೆ. ಒಂದು ಕೆಲಸ ಮಾಡೋಣ. ನಾನು ಒಂದೊಂದಾಗಿ ಓದ್ತೀನಿ, ನಿಮ್ಮದು ಬಂದ ಕೂಡಲೆ ಹೂಂ ಅನ್ನಿ. ಸಾಕು."

ಒಳ್ಳೆಯ ಉಪಾಯವೇ. ಅವರು ಓದತೊಡಗಿದರು. ಏಲಕ್ಕಿ ವ್ಯಾಪಾರಿಯ ಹೆಸರು, ಮೇಷ್ಟ್ರ ಹೆಸರು, ದ್ರಾಕ್ಷಿ ತೋಟದವರ ಹೆಸರು. ಒಂದೊಂದನ್ನೂ ಓದಿ ಸ್ವಲ್ಪ ತಡೆದು ಮುಂದಕ್ಕೆ ಹೋಗುತ್ತಿದ್ದರು. ಹತ್ತೋ ಹನ್ನೆರಡೋ ಆದ ಮೇಲೆ ತಾತನ ಹೆಸರು ಬಂತು.

ಹೋದ ಐದು ತಿಂಗಳಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವನು, ಹೋದವನು, ನಿಮ್ಮಪ್ಪ ಎನ್ನುತ್ತಿದ್ದರು. ಯಾರೋ ಪರವೂರಿನವರು, ಏನೂ ತಿಳಿಯದೆ, ಸಂತೆಯಲ್ಲಿ ಕೂಗುವ ಹಾಗೆ ಆ ಹೆಸರನ್ನು ಪೂರ್ತಿಯಾಗಿ ಹೇಳಿದರು. ನನ್ನ ತಲೆ ತಾನಾಗಿ ಬಗ್ಗಿತು. ಹೂಂ ಅನ್ನಬೇಕು ಎಂದು ಗೊತ್ತು. ದೊಡ್ಡ ಮಾವ ನೋಡುತ್ತಿದ್ದರು. ಅವರಿಗೆ ಆ ಕಡೆಯ ಮಾತು ಕೇಳುವ ಹಾಗಿರಲಿಲ್ಲ, ಆದರೂ ಕೇಳುತ್ತಿದೆ ಎಂದೇ ಅನ್ನಿಸಿತು.

ಫೋನಿನಲ್ಲಿ ರಿಪೇರಿಯವರು ತಡೆದರು, ನಾನು ಏನೂ ಅನ್ನಲಿಲ್ಲ. ಅವರು ಮುಂದಿನ ಹೆಸರು ಓದಿದರು. ಅಷ್ಟು ಹೊತ್ತಿಗೆ ತಲೆ ಎದ್ದಿತು, ಹೂಂ ಎಂದೆ.

ಸರಿ ಅಕ್ಕಾ ಎಂದರು. ಆ ಮುಂದಿನ ಹೆಸರೂ ಪಳನಿಯ ದೇವರದೇ ಆಗಿತ್ತು, ಅವರಿಗೆ ಅನುಮಾನ ಬರಲು ಕಾರಣವೇ ಇಲ್ಲ. ಇಲ್ಲ, ಅದರ ಹಿಂದಿನದು ಎಂದರೆ ಸಾಕಿತ್ತು. ಅದರಲ್ಲಿ ಯಾರ ಹೆಸರನ್ನೂ ಹೇಳುವುದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಮಾವ, ಏನಂತೆ ಎಂದು ಕೇಳಿದರು. ನಾನು ಅವರ ಕಡೆ ತಿರುಗಿದೆ. ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು.

ಯಂತ್ರ ಸರಿಯಾಗಿದೆಯಂತೆ ಎಂದು ಹೇಳಿದೆ.

ಅವರು ಎದ್ದು ಹೋಗುವವರೆಗೆ ಕಾದೆ, ಅರ್ಧ ಗಂಟೆ ಇರಬಹುದು. ಅಷ್ಟು ಹೊತ್ತೂ ಪ್ರಿಂಟರಿನ ಧೂಳು ಒರೆಸುತ್ತಿದ್ದೆ. ಅವರು ಹೋದ ಮೇಲೆ ದಿಂಡಿಗಲ್‌ಗೆ ಫೋನ್ ಹಚ್ಚಿದೆ. ರಿಪೇರಿಯವರ ಹೆಂಡತಿ ಎತ್ತಿದರು. ಸ್ಕ್ಯಾನ್ ಹಾಕಿ ಪೇಟೆಗೆ ಹೋಗಿದ್ದಾರೆ, ಓಡುತ್ತಾ ಇದೆ, ಏನಾದರೂ ಹೇಳಬೇಕಾ ಎಂದರು. ನಿಲ್ಲಿಸಿ ಎನ್ನಬಹುದಿತ್ತು. ಅವರಿಗೆ ನಿಲ್ಲಿಸಲು ಬರುತ್ತದೋ ಇಲ್ಲವೋ, ಏಕೆ ಎಂದು ಕೇಳಿದರೆ ಏನು ಹೇಳುವುದು ಎಂದು ನೂರು ಯೋಚನೆ ಬಂತು. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಬಹುಶಃ ಅವರು ಓದುವಾಗಲೇ ನನ್ನ ಹೂಂ ಎಲ್ಲಿಗೆ ಸೇರಿದ್ದೆಂದು ತಿಳಿದಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಸುಳ್ಳು ಎಂದು ನನಗೆ ಆಗಲೂ ಗೊತ್ತಿತ್ತು.

ಮಾರನೆಯ ವಾರ ಪೆಟ್ಟಿ ತಂದು ರಿಪೇರಿಯವರೇ ಜೋಡಿಸಿಕೊಟ್ಟರು. ನಾನು ತಾತನ ಫೋಲ್ಡರ್ ತೆರೆದೆ. ಒಳಗೆ ಏನೂ ಇರಲಿಲ್ಲ. ಅದರ ಕೆಳಗಿನ ಫೋಲ್ಡರಿನಲ್ಲಿ ಒಬ್ಬ ಗಿರಾಕಿಯ ಮಗಳ ಮದುವೆ ಕರೆಯೋಲೆ, ಕಿವಿ ಚುಚ್ಚುವ ಕರೆಯೋಲೆ, ಎಲ್ಲ ಹಾಗೆಯೇ ಇದ್ದವು. ನನ್ನ ಮುಖ ನೋಡಿ ಅವರಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಆ ದಿನವೆಲ್ಲ ಬೇರೆ ಅಂಗಡಿಗಳಿಗೆ ಹೋಗದೆ ಕೂತು, ಅಳಿಸಿದ್ದನ್ನು ಎಬ್ಬಿಸುವ ಏನೇನೋ ಮಾಡಿದರು. ಬಂದದ್ದು ಚೌಕ ಚೌಕದ ಗುರುತುಗಳು, ನಡುವೆ ಎಲ್ಲೋ ಒಂದು ಊರಿನ ಹೆಸರು. ಸಂಜೆ ಕಾಫಿಯನ್ನೂ ಮುಟ್ಟದೆ ಹೋದರು.

ತೈ ತಿಂಗಳ ಕೂಟಕ್ಕೆ ಬರಿಗೈಯಲ್ಲಿ ಹೋದೆ. ಗಂಡಸರು ಮುಂದೆ, ನಾವು ಹೆಂಗಸರು ಹಿಂದೆ ಕಂಬದ ಪಕ್ಕ. ವೈರಸ್ ಬಂದು ಪಟ್ಟಿ ಹೋಯಿತು ಎಂದು ಆಗಲೇ ದೊಡ್ಡ ಮಾವನಿಗೆ ತಿಳಿಸಿದ್ದೆ. ಅವರು ಕೂಟಕ್ಕೆ ಹೇಳಿದರು. ಪೆರಿಯಕುಳಂನಿಂದ ಬಂದಿದ್ದ ಒಬ್ಬ ಹಿರಿಯರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ತಮ್ಮ ಅಪ್ಪ ಹೇಳಿದ ಐದು ತಲೆಮಾರನ್ನು ಅವರು ತಾತನಿಗೆ ಬರೆಸಿದ್ದರು. ಈಗ ಕೇಳಿದರೆ ಮೂರು ತಲೆಮಾರಿನ ಮೇಲೆ ನೆನಪಿಲ್ಲ ಎಂದರು.

ಪೆಟ್ಟಿ ಯಾರ ಕೈಯಲ್ಲಿತ್ತು ಎಂದು ಯಾರೋ ಕೇಳಿದರು. ದಿಂಡಿಗಲ್‌ನವನ ಕೈಯಲ್ಲಿ ಎಂದು ಇನ್ನೊಬ್ಬರು ಹೇಳಿದರು. ಹಾಗಾದರೆ ಅಳಿಸಿದವನು ಅವನೇ ಎಂದು ಮತ್ತೊಬ್ಬರು. ದೊಡ್ಡ ಮಾವ ಹಿಂದಕ್ಕೆ ತಿರುಗಿದರು.

"ಅವ್ನೇ ತಾನೆ ಅವ್ವಾ ಅಳಿಸ್ದೋನು?"

ನಾನು ತಲೆ ತಗ್ಗಿಸಿದೆ. ನಮ್ಮಲ್ಲಿ ಹಿರಿಯರ ಮುಂದೆ ಸೊಸೆ ತಲೆ ತಗ್ಗಿಸಿದರೆ ಹೌದು ಎಂದೇ ಅರ್ಥ. ಆ ದಿನ ಅಲ್ಲ ಎನ್ನಲು ತಲೆ ಎತ್ತಬೇಕಿತ್ತು.

ನಮ್ಮವರ ಮಾತು ಕಣಿವೆಯಲ್ಲಿ ಬೇಗ ಹಬ್ಬುತ್ತದೆ. ತೈ ಕಳೆದು ಮಾಸಿ ತಿಂಗಳ ಹೊತ್ತಿಗೆ ಫೋಟೋ ಸ್ಟುಡಿಯೋ, ಗೊಬ್ಬರದಂಗಡಿ, ಪ್ರೆಸ್ಸು ಎಲ್ಲ ಕಡೆ ಆ ರಿಪೇರಿಯವರನ್ನು ಬಿಟ್ಟು ತೇನಿಯ ಬೇರೆಯವರನ್ನು ಕರೆಸಿಕೊಂಡರು. ಒಂದು ದಿನ ಅವರು ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತದ್ದು ಅಂಗಡಿಯಿಂದ ಕಂಡಿತು. ನನ್ನ ಕಡೆ ನೋಡಲಿಲ್ಲ. ಆಮೇಲೆ ಬರಲೂ ಇಲ್ಲ.

ಅದರ ಮುಂದಿನ ಪಂಗುನಿ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ದಿಂಡಿಗಲ್ ಬಸ್ ಹತ್ತಿದೆ. ಎಲ್ಲಿಗೆ ಎಂದು ಅತ್ತೆ ಕೇಳಿದರು, ಪ್ರಿಂಟರ್ ರಿಬ್ಬನ್ ತರಕ್ಕೆ ಎಂದೆ. ರಿಪೇರಿಯವರ ಅಂಗಡಿಯಲ್ಲಿ ಈಗ ಅರ್ಧ ಭಾಗ ಮತ್ತೆ ರೇಡಿಯೋಗಳೇ ಇದ್ದವು. ಹೆಂಡತಿ ಒಳಗಿನಿಂದ ಸ್ಟೂಲ್ ತಂದು ಕೂರಿಸಿದರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ. ಅಲ್ಲಿ ಕೂತಾಗ ಒಂದೇ ಸಾಲು ಬಂತು. ನನ್ನ ಹೂಂ ಒಂದು ಹೆಸರು ತಡವಾಯಿತು ಎಂದೆ.

ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಅವರು ಪಕ್ಕಕ್ಕಿಟ್ಟರು.

"ಅವತ್ತು ನಿಮ್ಮ ಅಂಗಡಿಯಲ್ಲಿ ಕೂತಾಗಲೇ ಗೊತ್ತಾಯ್ತು ಅಕ್ಕಾ. ಮೇಲಿನ ಫೋಲ್ಡರು ಖಾಲಿ, ಕೆಳಗಿಂದು ಪೂರ್ತಿ. ಆ ಹೆಸರು ಯಾರದು ಅಂತ ಬಾಗಿಲ ಮೇಲಿನ ಫೋಟೋ ಕೆಳಗೆ ಬರೆದಿತ್ತು."

ತಾತನ ಫೋಟೋಗೆ ನಿಮ್ಮ ಅಮ್ಮ ಹೆಸರು ಬರೆಸಿ ಹಾಕಿಸಿದ್ದಳು. ದಿನವೂ ಹೂ ಮುಡಿಸುತ್ತಿದ್ದವಳು ನಾನು.

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಒಬ್ಬ ವಿಧವೆಯ ಮೇಲೆ ಹಾಕಿ ತಾನು ತಪ್ಪಿಸಿಕೊಂಡರೆ ಕಣಿವೆಯಲ್ಲಿ ಯಾರು ನಂಬುತ್ತಾರೆ ಎಂದರು. ನಕಲು ತೆಗೆದಿಟ್ಟುಕೊಳ್ಳದೆ ಸ್ಕ್ಯಾನ್ ಹಾಕಿದ್ದು ತನ್ನ ತಪ್ಪು ಎಂದರು. ಫ್ಲಾಪಿಗೂ ರೋಗ ಹತ್ತುತ್ತದೆ ಎಂದು ಬಿಟ್ಟಿದ್ದರಂತೆ. ರೋಗದ ನಕಲಾದರೂ ನಕಲೇ ತಾನೆ ಎಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ನಾನೂ ಇವರ ಹೆಸರು ಹೇಳಲ್ಲ. ಇದು ಯಜಮಾನರ ಹೆಸರಿಂದು, ನನ್ನ ಬಾಯಲ್ಲಿ ಬರಲ್ಲ ಅಂತ ಒಂದು ಮಾತು ಅಂದಿದ್ದರೆ ಇವರೇ ತಿಳ್ಕೊಳ್ತಿದ್ದರು. ನಾನು ಫೋನಲ್ಲಿ ಏನಾದ್ರೂ ಹೇಳಬೇಕಾ ಅಂತ ಕೇಳಿದೆನಲ್ಲ?"

ಕೇಳಿದ್ದರು.

ಊರಲ್ಲಿ ಹೇಳ್ತೀರಾ ಎಂದು ರಿಪೇರಿಯವರು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಹೇಳ್ತೀನಿ ಎಂದು ಮಾತು ಕೊಟ್ಟೆ.

ಆ ಮಾತು ಉಳಿಸಿಕೊಳ್ಳಲು ಬಸ್ ಇಳಿದವಳು ಮನೆಗೆ ಹೋಗದೆ ದೊಡ್ಡ ಮಾವನ ಜಗಲಿಗೆ ಹೋದೆ. ಬಾಗಿಲ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ನನ್ನ ಬದುಕಿನಲ್ಲಿ ಅವರ ಮುಂದೆ ಅಷ್ಟು ಮಾತಾಡಿದ್ದು ಅದೊಂದೇ ಸಲ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ಬಿಡವ್ವಾ. ನೀನು ಮಾಡಿದ್ದು ಮರ್ವಾದೆ. ಹಿರಿಯೋರ ಮುಂದೆ ಗಂಡನ ಪೇರಿಗೆ ಓ ಅನ್ನದೆ ಇದ್ದೆ. ತಪ್ಪು ಆ ದಿಂಡಿಗಲ್ಲೋನ ಮೇಲೇ ಇರ್ಲಿ. ಅವನು ಯಾವೂರೋನೋ, ನೀನು ನಮ್ಮ ಮನೇಳು."

ಅವರಿಗೆ ಅನ್ನ ಹೋಯಿತು ಮಾವ ಎಂದೆ. ಅವನಿಗೆ ದಿಂಡಿಗಲ್ ಪೂರ್ತಿ ಇದೆ, ನಿನಗೆ ಈ ಬೀದಿ ಬಿಟ್ಟರೆ ಏನಿದೆ ಎಂದರು. ಈ ಮಾತನ್ನು ಇನ್ನೊಬ್ಬರ ಹತ್ತಿರ ಎತ್ತಬೇಡ ಎಂದೂ ಹೇಳಿದರು. ಅವರು ಹೇಳಿದ್ದು ನನ್ನ ಮೇಲಿನ ಪ್ರೀತಿಯಿಂದಲೇ. ಅದನ್ನು ಮೀರುವ ಧೈರ್ಯ ನನಗೆ ಬರಲಿಲ್ಲ. ಒಳಗೆಲ್ಲೋ ಹಗುರವೂ ಆಯಿತು. ಆ ಹಗುರಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಪಟ್ಟಿಯನ್ನು ಮತ್ತೆ ಬರೆಯಲು ಹೊರಟರು. ಉತ್ತಮಪಾಳ್ಯದವರೆಗೆ ಬಂದು ನಿಂತಿತು. ತಾತನ ಹಾಗೆ ಬಿಸಿಲಲ್ಲಿ ತಿರುಗುವವರು ಸಿಗಲಿಲ್ಲ, ಹೇಳುವ ಮುದುಕರೂ ಒಬ್ಬೊಬ್ಬರಾಗಿ ಹೋದರು. ಅದರ ಮಾತು ಬಂದಾಗಲೆಲ್ಲ ದಿಂಡಿಗಲ್‌ನವನು ಹಾಳುಮಾಡಿದ ಎನ್ನುವುದೂ ಬರುತ್ತಿತ್ತು. ದೊಡ್ಡ ಮಾವ ತೀರಿಕೊಂಡ ಮೇಲಾದರೂ ನಾನು ಹೇಳಬಹುದಿತ್ತು. ಅಷ್ಟು ಹೊತ್ತಿ‌ಗೆ ಅದು ಎಲ್ಲರ ಬಾಯಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಹೋದ ಪೊಂಗಲಿನಲ್ಲಿ ಕಿರಿಯವನೊಬ್ಬ, ಅವನು ಹುಟ್ಟುವ ಮುಂಚಿನ ಸಂಗತಿ, ನನ್ನೆದುರಿಗೇ ಆ ಕಥೆ ಹೇಳಿದ. ಅದರಲ್ಲಿ ರಿಪೇರಿಯವರು ಬೇಕೆಂತಲೇ ಅಳಿಸಿದ್ದರು. ನಾನು ತಟ್ಟೆಗೆ ಅನ್ನ ಬಡಿಸುತ್ತಿದ್ದೆ.

ಆ ರಿಪೇರಿಯವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಅವರು ನಮ್ಮ ಪಟ್ಟಿಯನ್ನು ಅಳಿಸಲಿಲ್ಲ ಎಂದು ಬರೆದಿರುವುದು ಇಡೀ ಕಣಿವೆಯಲ್ಲಿ ಇದೊಂದೇ ಕಡೆ. ಕಂಪ್ಯೂಟರಿಗೆ ಏರಿಸುವುದಾದರೆ ಏರಿಸಿ, ಆದರೆ ಏರಿಸಿದೆವಲ್ಲ ಎಂದು ಈ ಹಾಳೆಗಳನ್ನು ಒಲೆಗೆ ಹಾಕಬೇಡಿ. ಇರುವೆ, ನೀರು ತಾಗದ ಕಡೆ ಇಡಿ. ಯಾರಾದರೂ ಆ ಕಥೆ ಹೇಳಿದರೆ ತೆಗೆದು ಓದಿ ತೋರಿಸಿ, ನಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ.